ಹತ್ತು ವರ್ಷದ ಇಂಟರ್‌ನ್ಯಾಷನಲ್ ಲೈಸೆನ್ಸ್ ಅಂತ ಯಾರಾದರೂ ಕೊಟ್ಟರೆ ತಗೋಬೇಡಿ

ರಾಯಚೂರು, ಮಾನ್ವಿ, ಸಿಂಧನೂರು ಕಡೆಯಿಂದ ನರ್ಸ್ ಕೆಲಸಕ್ಕೆ ಜರ್ಮನಿಗೆ ಹೊರಟಿರುವ ತಂಗಿಯರು, ತಮ್ಮಂದಿರು ನನಗೆ ಆಗಾಗ ಫೋನ್ ಮಾಡುತ್ತಾರೆ. ಭಾಷೆ ಎಲ್ಲಿ ಕಲಿತಿರಿ, ವೀಸಾಕ್ಕೆ ಎಷ್ಟು ದಿನ ಆಯಿತು, ಚಳಿ ಹೇಗೆ, ಸಂಬಳ ಎಷ್ಟು ಉಳಿಯುತ್ತದೆ, ಎಲ್ಲ ಕೇಳುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ಹೊರಡುವಾಗ ನಾನೂ ಯಾರನ್ನೂ ಕೇಳಿರಲಿಲ್ಲ. ಹಾಗಾಗಿ ಜರ್ಮನಿಗೆ ಹೋದ ಎಂಟನೇ ತಿಂಗಳಲ್ಲಿ ನನ್ನ ಮೇಲೆ ಪೊಲೀಸ್ ಕೇಸ್ ಬಿತ್ತು. ಅದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯ ತನಕ ಓದಿ.

ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ ಅಂತಲ್ಲ. ಅಪ್ಪನ ಹಳೇ ಕಾರಿನಲ್ಲಿ ಲಿಂಗಸುಗೂರು ರಸ್ತೆಯಲ್ಲಿ ಕಲಿತು, ರಾಯಚೂರು ಆರ್‌ಟಿಒದಲ್ಲಿ 2018ರಲ್ಲಿ ಲೈಸೆನ್ಸ್ ತೆಗೆದುಕೊಂಡಿದ್ದೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಮಂತ್ರಾಲಯಕ್ಕೆ ಎಷ್ಟೋ ಸಲ ಹೋಗಿ ಬಂದಿದ್ದೇನೆ. 2022ರ ಏಪ್ರಿಲ್‌ನಲ್ಲಿ ಹೊರಡುವ ಮುಂಚೆ, ಕಾಗದಪತ್ರ ಮಾಡಿಸಿಕೊಡುವ ಒಂದು ಅಂಗಡಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ಟಿಕೆಟ್, ಇನ್ಶೂರೆನ್ಸ್ ಎಲ್ಲ ಅವರೇ ಮಾಡಿಸಿದರು. ಕೊನೆಗೆ, "ಅಲ್ಲಿ ಗಾಡಿ ಓಡಿಸ್ತೀರೇನಕ್ಕ? ಹಂಗಾದ್ರ ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸಿಬಿಡ್ರಿ" ಅಂದರು. ಹನ್ನೆರಡು ಸಾವಿರ ಕೊಟ್ಟೆವು. ವಾರದಲ್ಲಿ ಕೊರಿಯರ್‌ನಲ್ಲಿ ಒಂದು ಹೊಳೆಯುವ ಪ್ಲಾಸ್ಟಿಕ್ ಕಾರ್ಡು, ಒಂದು ಸಣ್ಣ ಪುಸ್ತಕ ಬಂತು. ಪುಸ್ತಕದಲ್ಲಿ ಹತ್ತಾರು ಭಾಷೆ. ಕಾರ್ಡಿನ ಮೇಲೆ ಹತ್ತು ವರ್ಷದ ಅವಧಿ. "ಚಿಂತಿ ಮಾಡಬ್ಯಾಡ್ರಿ, ಎಲ್ಲಾ ದೇಶದಾಗೂ ನಡೀತದ. ಅಲ್ಲಿ ಆಫೀಸಿನ್ಯಾಗ ತೋರಿಸಿದ್ರ ಅವರದೇ ಲೈಸೆನ್ಸ್ ಬದಲಿ ಕೊಡ್ತಾರ" ಅಂದರು.

ಇದರಲ್ಲಿ ಒಂದು ಮಾತೂ ನಿಜವಲ್ಲ.

ನಮ್ಮ ದೇಶದ ನಿಜವಾದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ಗೆ ಅರ್ಜಿ ಹಾಕಬೇಕಾದದ್ದು ಆರ್‌ಟಿಒಗೆ. ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ ನೀವೇ ಹಾಕಬಹುದು. ಲೈಸೆನ್ಸ್, ಪಾಸ್‌ಪೋರ್ಟ್ ಬೇಕು. ಸರ್ಕಾರದ ಶುಲ್ಕ 1000 ರೂಪಾಯಿ. ಅವಧಿ ಒಂದೇ ವರ್ಷ. ಹತ್ತು ವರ್ಷ, ಐದು ವರ್ಷ, ಮೂರು ವರ್ಷ ಅಂತ ಬರೆದಿದ್ದರೆ ಅದನ್ನು ಯಾವುದೋ ಪ್ರಿಂಟಿಂಗ್ ಮಷಿನ್ ಕೊಟ್ಟಿದೆ, ಸರ್ಕಾರ ಕೊಟ್ಟಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನನ್ನ ಕೈಯಲ್ಲಿ ಅಸಲಿ ಪರ್ಮಿಟ್ ಇದ್ದಿದ್ದರೂ ಆ ದಿನ ನಾನು ಸಿಕ್ಕಿಬೀಳುತ್ತಿದ್ದೆ. ಯಾಕೆಂದರೆ ಜರ್ಮನಿಯಲ್ಲಿ ನೆಲೆಸಲು ಹೋದವರಿಗೆ ಭಾರತದ ಲೈಸೆನ್ಸ್ ನಡೆಯುವುದು ಆರು ತಿಂಗಳು ಮಾತ್ರ. ಅಲ್ಲಿ ವಾಸ ಶುರುವಾದ ದಿನದಿಂದ ಲೆಕ್ಕ, ಮೊದಲ ಸಲ ಕಾರು ಹತ್ತಿದ ದಿನದಿಂದ ಅಲ್ಲ. ಒಟ್ಟು ಇರುವುದೇ ಒಂದು ವರ್ಷಕ್ಕಿಂತ ಕಡಿಮೆ ಅಂತ ತೋರಿಸಿದರೆ ಮಾತ್ರ ಅವಧಿ ಹೆಚ್ಚಿಸಿಕೊಳ್ಳಲು ದಾರಿ ಇದೆ. ನಮ್ಮಂತೆ ಕೆಲಸಕ್ಕೆ ಹೋಗಿ ಉಳಿಯುವವರಿಗೆ ಅದು ಇಲ್ಲ. ಪರ್ಮಿಟ್ ಅಂದರೆ ನಮ್ಮ ಲೈಸೆನ್ಸನ್ನು ಅವರು ಓದಲು ಆಗುವ ಹಾಗೆ ಬರೆದ ಕಾಗದ, ಅಷ್ಟೇ. ಅದು ಆರು ತಿಂಗಳನ್ನು ಏಳು ಮಾಡುವುದಿಲ್ಲ.

ನಾನು ಸೇರಿದ್ದು ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಕಡೆ. ಮೊದಲು ಅವರ ಆಶ್ರಮದೊಳಗೇ ಡ್ಯೂಟಿ ಇತ್ತು, ಕಾರು ಬೇಕಿರಲಿಲ್ಲ. ನವೆಂಬರ್‌ನಲ್ಲಿ ಮನೆಮನೆಗೆ ಹೋಗುವ ಡ್ಯೂಟಿಗೆ ಹಾಕಿದರು. ಬೆಳಿಗ್ಗೆ ಆರಕ್ಕೆ ಸಂಸ್ಥೆಯ ಸಣ್ಣ ಕಾರು ತೆಗೆದುಕೊಂಡು ಹೊರಟರೆ ಒಬ್ಬರಿಗೆ ಸ್ನಾನ, ಇನ್ನೊಬ್ಬರಿಗೆ ಗಾಯದ ಡ್ರೆಸ್ಸಿಂಗ್, ಮತ್ತೊಬ್ಬರಿಗೆ ಇನ್ಸುಲಿನ್. ಲೈಸೆನ್ಸ್ ಇದೆಯಾ ಅಂತ ಕೇಳಿದರು. ಇದೆ ಅಂದೆ. ಎರಡೂ ಕಾರ್ಡು ತೋರಿಸಿದೆ. ಅವರೂ ಸರಿಯಾಗಿ ನೋಡಲಿಲ್ಲ.

ಡಿಸೆಂಬರ್‌ನ ಒಂದು ಬೆಳಿಗ್ಗೆ, ಇನ್ನೂ ಕತ್ತಲು, ರಸ್ತೆ ಬದಿಯಲ್ಲಿ ಪೊಲೀಸರು ಎಲ್ಲ ಗಾಡಿ ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಹೊಳೆಯುವ ಕಾರ್ಡನ್ನು ಕೈಗೆ ತೆಗೆದುಕೊಂಡವರು ತಕ್ಷಣ ವಾಪಸ್ ಕೊಟ್ಟು, "ಇದು ಏನೂ ಅಲ್ಲ" ಅಂದರು. ರಾಯಚೂರಿನ ಲೈಸೆನ್ಸ್ ನೋಡಿ, ಜರ್ಮನಿಗೆ ಬಂದು ಎಷ್ಟು ದಿನ ಆಯಿತು ಅಂತ ಕೇಳಿದರು. ಏಪ್ರಿಲ್ ಅಂದೆ. ಅವರು ಮತ್ತೆ ಏನೂ ಕೇಳಲಿಲ್ಲ. ಕಾರಿನಿಂದ ಇಳಿಯಿರಿ, ಕೀಲಿ ಕೊಡಿ ಅಂದರು.

ಮುಂದಿನ ಮನೆಯಲ್ಲಿ ಒಬ್ಬ ಅಜ್ಜಿ ಇನ್ಸುಲಿನ್‌ಗೆ ಕಾಯುತ್ತಾ ತಿಂಡಿ ತಿನ್ನದೆ ಕೂತಿದ್ದರು. ಬೇರೆ ನರ್ಸ್ ಅಲ್ಲಿಗೆ ಹೋಗುವ ಹೊತ್ತಿಗೆ ಒಂದೂವರೆ ಗಂಟೆ ತಡವಾಗಿತ್ತು. ಅವರಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ರಸ್ತೆ ಪಕ್ಕದಲ್ಲಿ ಆ ಚಳಿಯಲ್ಲಿ ನಿಂತು ನಾನು ಅತ್ತಿದ್ದು ಆ ಅಜ್ಜಿಗಾಗಿ. ಕೇಸಿನ ವಿಷಯ ನನಗೆ ಆಗ ಇನ್ನೂ ಅರ್ಥವೇ ಆಗಿರಲಿಲ್ಲ.

ನಮ್ಮ ಕಡೆ ಲೈಸೆನ್ಸ್ ಇಲ್ಲದಿದ್ದರೆ ದಂಡ ಕಟ್ಟಿ ಬರುತ್ತೇವೆ, ಅಲ್ವಾ? ಅಲ್ಲಿ ಅದು ಕ್ರಿಮಿನಲ್ ಕೇಸ್. ಒಂದು ವರ್ಷದ ತನಕ ಜೈಲು ಅಥವಾ ದಂಡ ಅಂತ ಕಾನೂನಿನಲ್ಲಿದೆ. ಗೊತ್ತಿದ್ದೂ ಕಾರು ಕೊಟ್ಟವರ ಮೇಲೂ ಕೇಸ್ ಹಾಕಬಹುದು. ಹಾಗಾಗಿ ನಮ್ಮ ಮೇಲಧಿಕಾರಿಯನ್ನೂ ವಿಚಾರಿಸಿದರು. ನನ್ನಿಂದ ಅವರು ತಲೆ ತಗ್ಗಿಸಬೇಕಾಯಿತು. ನಾನು ವಕೀಲರನ್ನು ಹಿಡಿದೆ. ಮೋಸ ಹೋಗಿದ್ದೇನೆ, ಬೇಕಂತ ಮಾಡಿದ್ದಲ್ಲ ಅಂತ ಅವರು ಬರೆದರು. ಕೊನೆಗೆ ಒಂದು ಮೊತ್ತ ಕಟ್ಟಿಸಿಕೊಂಡು ಕೇಸ್ ಮುಗಿಸಿದರು. ವಕೀಲರ ಫೀಸೂ ಸೇರಿ ಒಂದೂವರೆ ತಿಂಗಳ ಸಂಬಳ ಹೋಯಿತು. ಅಪ್ಪನಿಗೆ ಹೇಳಲು ಹದಿನೈದು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಅವರು ಅಂದಿದ್ದು ಇಷ್ಟೇ: "ರೊಕ್ಕ ಹೋದ್ರ ಹೋಗ್ಲಿ, ನೀ ಆರಾಮ ಇದ್ದೀ ಅಲ್ಲವ್ವ?"

ಇನ್ನು ಲೈಸೆನ್ಸ್ ಬದಲಿ ಮಾಡಿಸುವ ಕೆಲಸ. ಅಲ್ಲಿ ಇದಕ್ಕೆ ಉಮ್‌ಶ್ರೈಬುಂಗ್ ಅನ್ನುತ್ತಾರೆ. ಜಪಾನ್, ದಕ್ಷಿಣ ಕೊರಿಯಾದಂಥ ದೇಶದವರಿಗೆ ಪರೀಕ್ಷೆ ಇಲ್ಲದೆ ಬದಲಿ ಸಿಗುತ್ತದೆ. ಭಾರತ ಆ ಪಟ್ಟಿಯಲ್ಲಿ ಇಲ್ಲ. ನಮಗೆ ಥಿಯರಿ, ಪ್ರಾಕ್ಟಿಕಲ್ ಎರಡೂ ಇವೆ. "ಪರೀಕ್ಷೆ ಇಲ್ಲದೆ ಬದಲಿ ಮಾಡಿಸಿ ಕೊಡುತ್ತೇವೆ" ಅಂತ ಫೋನಿನಲ್ಲಿ ಬರುವ ಮೆಸೇಜುಗಳನ್ನು ಆಗಲೇ ಅಳಿಸಿಬಿಡಿ. ಕೇಸ್ ಆದ ಮೇಲೆ ನನಗೂ ಅಂಥದ್ದೊಂದು ಬಂದಿತ್ತು, ಪೋಲೆಂಡಿನಿಂದ ತರಿಸುತ್ತೇವೆ ಅಂತ.

ನಮಗಿರುವ ಒಂದೇ ಅನುಕೂಲ ಅಂದರೆ ಡ್ರೈವಿಂಗ್ ಸ್ಕೂಲಿನಲ್ಲಿ ಇಷ್ಟೇ ತರಗತಿ ಕಡ್ಡಾಯ ಅಂತ ಇಲ್ಲ. ಆದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಸ್ಕೂಲಿನ ಕಾರು, ಪಕ್ಕದಲ್ಲಿ ಅವರ ಮೇಷ್ಟ್ರು ಇರಲೇಬೇಕು. ಅವರು ಸುಮ್ನೆ ಬರುವುದಿಲ್ಲ, ಮೊದಲು ನಾಲ್ಕೈದು ಸಲ ಓಡಿಸಿ ತೋರಿಸು ಅನ್ನುತ್ತಾರೆ. ಅರ್ಜಿಗೆ ಲೈಸೆನ್ಸಿನ ಅಧಿಕೃತ ಅನುವಾದ, ಕಣ್ಣಿನ ಪರೀಕ್ಷೆ, ಒಂದು ದಿನದ ಪ್ರಥಮ ಚಿಕಿತ್ಸೆ ಕೋರ್ಸು ಬೇಕು.

ಇಲ್ಲಿ ನಾನು ಮತ್ತೆ ಎಡವಿದೆ, ಹೆಸರಿನ ವಿಷಯದಲ್ಲಿ. ನನ್ನ ಲೈಸೆನ್ಸಿನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ ಇತ್ತು. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಸರ್‌ನೇಮ್ ಜಾಗದಲ್ಲಿ ಕೂತಿತ್ತು. ನಮ್ಮ ಕಡೆ ಇದು ಎಲ್ಲರ ಮನೆಯ ಕಥೆ. ಅಲ್ಲಿಯ ಆಫೀಸಿನವರಿಗೆ ಇವರು ಇಬ್ಬರು ಬೇರೆ ಬೇರೆ ಮನುಷ್ಯರು. ಅದನ್ನು ಸರಿ ಮಾಡಿಸಲು ಅಪ್ಪ ಬೇಸಿಗೆಯ ಬಿಸಿಲಿನಲ್ಲಿ ಆರ್‌ಟಿಒಗೆ, ನೋಟರಿ ಹತ್ತಿರಕ್ಕೆ ಅಲೆದರು. ರಾಯಚೂರಿನ ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಮೂರು ತಿಂಗಳು ಇದಕ್ಕೇ ಹೋಯಿತು. ಊರಲ್ಲಿ ಇರುವಾಗಲೇ ಮಾಡಿಸಿದ್ದರೆ ನಾನೇ ಹೋಗಿ ಮುಗಿಸಬಹುದಿತ್ತು.

ಥಿಯರಿ ಇಂಗ್ಲಿಷಿನಲ್ಲಿ ಬರೆಯಬಹುದು. 30 ಪ್ರಶ್ನೆ. ತಪ್ಪಾದರೆ ಪ್ರಶ್ನೆಗೆ ತಕ್ಕಂತೆ ಪಾಯಿಂಟ್ ಏರುತ್ತದೆ, 10 ದಾಟಿದರೆ ಫೇಲ್. ಐದು ಪಾಯಿಂಟಿನ ಪ್ರಶ್ನೆ ಎರಡು ತಪ್ಪಿದರೂ ಫೇಲ್. ಓದಿದರೆ ಆಗುತ್ತದೆ, ಅದಕ್ಕೆ ಹೆದರಬೇಡಿ.

ಹೆದರಬೇಕಾದದ್ದು ಪ್ರಾಕ್ಟಿಕಲ್‌ಗೆ. 55 ನಿಮಿಷ. ಬೋರ್ಡು, ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನೀವು ಅಗಲ ರಸ್ತೆಯಲ್ಲಿದ್ದು, ಅವರು ಸಣ್ಣ ಓಣಿಯಿಂದ ಬಂದರೂ ಅಷ್ಟೇ. ನಮ್ಮಲ್ಲಿ ಹಾರ್ನ್ ಹೊಡೆದು ದೊಡ್ಡ ರಸ್ತೆಯವರು ಹೋಗುತ್ತಾರೆ. ಅಲ್ಲಿ ನಾನು ಹಾಗೇ ಹೋದೆ, ಪರೀಕ್ಷಕರು ಅಲ್ಲೇ ಕಾರು ನಿಲ್ಲಿಸಿದರು. ಎರಡನೇ ಸಲ ಪಾಸಾದೆ. ನಡುವೆ ಕಡಿಮೆ ಅಂದರೂ ಎರಡು ವಾರ ಕಾಯಬೇಕು. ತಿರುಗುವ ಮುಂಚೆ ಕನ್ನಡಿ ನೋಡಿದರೆ ಸಾಲದು, ಕುತ್ತಿಗೆ ತಿರುಗಿಸಿ ಭುಜದ ಹಿಂದೆ ನೋಡಬೇಕು, ಸೈಕಲ್ ಬರುತ್ತಿರುತ್ತದೆ. ಇದನ್ನು ಈಗಿನಿಂದಲೇ, ಲಿಂಗಸುಗೂರು ರಸ್ತೆಯಲ್ಲೇ ರೂಢಿ ಮಾಡಿಕೊಳ್ಳಿ.

ಜರ್ಮನಿ ಅಲ್ಲದೆ ಬೇರೆ ಕಡೆ ಹೋಗುವವರಿಗೂ ಒಂದು ಮಾತು. ಬ್ರಿಟನ್‌ನಲ್ಲಿ ನೆಲೆಸಿದ ಮೇಲೆ ನಮ್ಮ ಲೈಸೆನ್ಸ್ 12 ತಿಂಗಳು ನಡೆಯುತ್ತದೆ, ಆಮೇಲೆ ಅಲ್ಲಿಯ ಪರೀಕ್ಷೆ ಪಾಸಾಗಲೇಬೇಕು. ದುಬೈನಲ್ಲಿ ರೆಸಿಡೆನ್ಸ್ ವೀಸಾ ಆದ ಮೇಲೆ ಭಾರತದ ಲೈಸೆನ್ಸಿನಲ್ಲಿ ಕಾರು ಓಡಿಸುವಂತಿಲ್ಲ. ಅಂಗಡಿಯವರ ಮಾತು ಬೇಡ, ಹೋಗುವ ದೇಶದ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿ.

ಹೊಸ ಲೈಸೆನ್ಸ್ ಕೊಡುವಾಗ ನಮ್ಮ ಹಳೇ ಲೈಸೆನ್ಸನ್ನು ಅವರು ಇಟ್ಟುಕೊಳ್ಳುತ್ತಾರೆ. ಕೊಡುವ ಮುಂಚೆ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಈ ಸಲ ರಜೆಗೆ ಬರುವಾಗ ಜರ್ಮನಿಯ ಲೈಸೆನ್ಸ್ ಜೊತೆಗೆ ಅಲ್ಲಿಯ ಆಫೀಸಿನಿಂದಲೇ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡು ಬಂದೆ. ನಿನ್ನೆ ಅಪ್ಪನನ್ನು ಕೂರಿಸಿಕೊಂಡು ಮಂತ್ರಾಲಯಕ್ಕೆ ಹೋಗಿ ಬಂದೆವು. ಒಂದು ಕೂಡುರಸ್ತೆಯಲ್ಲಿ ಬಲಗಡೆಯಿಂದ ಟ್ರ್ಯಾಕ್ಟರ್ ಬಂತು, ನಿಲ್ಲಿಸಿದೆ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು. ಅಪ್ಪ ಮಾತ್ರ ಏನೂ ಅನ್ನಲಿಲ್ಲ.