ಜಗಿಯುವ ಕ್ಯಾಲ್ಸಿಯಂ ಸಿಟ್ರೇಟ್: ರುಚಿ ಅಷ್ಟಕ್ಕಷ್ಟೆ, ಆದರೂ ಇದೇ ಇರಲಿ

ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆಯನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಆಪರೇಷನ್) ಆದವರು ಕ್ಯಾಲ್ಸಿಯಂ ಕೊಳ್ಳುವಾಗ ಡಬ್ಬಿಯನ್ನು ತಿರುಗಿಸಿ ಹಿಂಬದಿ ಓದಿ. ಕಾರ್ಬೊನೇಟ್ ಅಂತಿದ್ದರೆ ವಾಪಸ್ ಇಡಿ. ಅದು ಕರಗಲು ಹೊಟ್ಟೆಯ ಆಸಿಡ್ ಬೇಕು, ನಮ್ಮ ಪುಟ್ಟ ಹೊಟ್ಟೆಯಲ್ಲಿ ಅದೇ ಕಡಿಮೆ. ನಾನು ತೆಗೆದುಕೊಳ್ಳುವುದು ಜಗಿಯುವ ಸಿಟ್ರೇಟ್, ಒಂದು ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ. ದಿನಕ್ಕೆ 1200ರಿಂದ 1500 ಬೇಕು. ಒಟ್ಟಿಗೆ ತಿಂದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ಮೂರು ಹೊತ್ತು. ರುಚಿ? ನಿಂಬೆರಸ ಸವರಿದ ಸೀಮೆಸುಣ್ಣ. ಹಲ್ಲಿಗೆ ಬೇರೆ ಅಂಟಿಕೊಳ್ಳುತ್ತದೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ.

ಜೆಲ್ಲಿ ಮಿಠಾಯಿಯಂಥ ಗಮ್ಮಿ ವಿಟಮಿನ್ ತಿನ್ನಲು ಚೆನ್ನ, ನಿಜ. ಆದರೆ ಬಹುತೇಕ ಗಮ್ಮಿಗಳಲ್ಲಿ ನಮಗೆ ಬೇಕಾದ ಕಬ್ಬಿಣವೇ ಇರುವುದಿಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?

ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮನೆಯಲ್ಲೇ ಇಟ್ಟಿಲ್ಲ. ಹೊಟ್ಟೆ, ಕರುಳು ಸೇರಿಸಿ ಹೊಲಿದ ಜಾಗದಲ್ಲಿ ಹುಣ್ಣಾಗುವ ಅಪಾಯ ಜಾಸ್ತಿ. ನೆಗಡಿ ಮಾತ್ರೆಯ ಲೇಬಲ್ ಕೂಡ ಓದಿ: ಕೆಲವದರಲ್ಲಿ ಐಬುಪ್ರೊಫೆನ್ ಅಡಗಿರುತ್ತದೆ, ಕೆಲವದರಲ್ಲಿ ಪ್ಯಾರಾಸಿಟಮಾಲ್ ಇದ್ದು ಡೋಸ್ ಡಬಲ್ ಆಗುತ್ತದೆ. ಹೃದಯಕ್ಕೆಂದು ಆಸ್ಪಿರಿನ್ ಬರೆದುಕೊಟ್ಟಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.