ಫೌಜಿ ನೋಟದ .22 ರೈಫಲ್: ನಂಬರ್ ಟೂ, ಡಿಲಕ್ಸ್, ಎಆರ್ ಮಾದರಿ

ಎನ್‌ಸಿಸಿ ಮುಗಿಸಿ ಲೈಸೆನ್ಸಿನ ಅರ್ಜಿ ಹಿಡಿದು ಓಡಾಡುವ ಕಲಬುರಗಿಯ ಹುಡುಗರ ಬೇಡಿಕೆ ಒಂದೇ: ‘ಫೌಜಿನ ರೈಫಲ್‌ನಂಗ ಇರಬೇಕ್ರಿ, ಆದ್ರ ಗುಂಡು .22ದು ಇರಬೇಕು.’ ಬೇಡಿಕೆ ತಪ್ಪಲ್ಲ. ಕಾಲು ಇಂಚಿಗೂ ಸಣ್ಣ ನಳಿಗೆಯ .22ಕ್ಕೆ ಹೆಗಲಿಗೆ ಹೊಡೆತವಿಲ್ಲ, ಗುಂಡು ಅಗ್ಗ, 25 ಗಜದ ರೇಂಜಿನಲ್ಲೇ ಕಲಿಯಬೇಕಾದ್ದೆಲ್ಲ ಕಲಿಯಬಹುದು. ಆದರೆ ನೋಟ ನೋಡಿ ಆರಿಸಿದವರು ಮೊದಲ 500 ಗುಂಡಿನೊಳಗೇ ಬೇಸರಪಡುತ್ತಾರೆ. ಕೆಳಗಿನ ಮೂರರಲ್ಲಿ ಮೊದಲಿನ ಎರಡನ್ನು ಮಲಗಿ, ಮರಳಿನ ಚೀಲದ ಮೇಲಿಟ್ಟು, ಒಂದೇ ಬ್ಯಾಚಿನ ಕಾರ್ತೂಸಿನಿಂದ ಹೊಡೆದು ಹೋಲಿಸಿದ್ದು. ಎಆರ್ ಮಾದರಿ ಅಂದರೆ ಅಮೆರಿಕದ ಫೌಜಿನ ಎಂ-16ರಂತೆ ಕಾಣುವ .22; ಅದರ ಅನುಭವ ಅಮೆರಿಕದ ರೇಂಜಿನದು, ಗುಂಡೂ ಅಲ್ಲಿನದೇ.

ಎನ್‌ಸಿಸಿಯಲ್ಲಿ ಕೈಗೆ ಕೊಡುವ ನಂಬರ್ ಟೂ ಅಂದರೆ ಬೇರೇನಲ್ಲ, ಬ್ರಿಟಿಷರ ಕಾಲದ ಫೌಜಿ ರೈಫಲ್ .303 ಲೀ-ಎನ್‌ಫೀಲ್ಡೇ. ಹಲವು ರೈಫಲ್‌ಗಳಲ್ಲಿ ಹಳೆಯ ನಳಿಗೆಯನ್ನೇ ಕೊರೆದು ಒಳಗೆ .22ರ ಕೊಳವೆ ಕೂರಿಸಿದ್ದಾರೆ. ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ತಲೆ ಮತ್ತು ಫೈರಿಂಗ್ ಪಿನ್ ರಿಮ್‌ಫೈರಿಗೆ, ಅಂದರೆ ಕಾರ್ತೂಸಿನ ಅಂಚಿಗೆ (ರಿಮ್) ಪೆಟ್ಟು ಬಿದ್ದು ಸಿಡಿಯುವ ಬಗೆಗೆ, ಬದಲಾಗಿವೆ. ಮ್ಯಾಗಜಿನ್ ಇದ್ದರೂ ಇಲ್ಲದಂತೆ: ಸ್ಪ್ರಿಂಗ್ ತೆಗೆದ ಖಾಲಿ ಪೆಟ್ಟಿಗೆ, ಖೋಕಾ (ಹೊಡೆದ ಕಾರ್ತೂಸಿನ ಖಾಲಿ ಚಿಪ್ಪು) ಬೀಳಲಿಕ್ಕಷ್ಟೆ. ಗುಂಡನ್ನು ಒಂದೊಂದಾಗಿ ಬೆರಳಿನಿಂದಲೇ ಚೇಂಬರಿಗೆ (ನಳಿಗೆಯ ಹಿಂಬದಿಯ ಗೂಡಿಗೆ) ಕೊಡಬೇಕು. ತೂಕ ಸುಮಾರು 3.9 ಕೆಜಿ, ಉದ್ದ 45 ಇಂಚು. ಮಲಗಿ ಹೊಡೆಯುವಾಗ ಈ ತೂಕವೇ ವರ, ಬಂಡೆಯಂತೆ ಕದಲದೆ ಕೂರುತ್ತದೆ. ನಿಂತು 20 ಗುಂಡು ಹೊಡೆಯುವಷ್ಟರಲ್ಲಿ ಎಡಗೈ ನಡುಗುತ್ತದೆ.

ಇದರ ಟ್ರಿಗರ್ ಎರಡು ಹಂತದ್ದು. ಮೊದಲು ಸಡಿಲ, ಆಮೇಲೆ ಎರಡೂವರೆ ಕೆಜಿಯ ಆಸುಪಾಸಿನ ಗಟ್ಟಿ ಎಳೆತ. ಇದರಲ್ಲಿ ಪಳಗಿದ ಬೆರಳಿಗೆ ಬೇರೆ ಯಾವ ರೈಫಲೂ ಕಷ್ಟವಲ್ಲ. ಗುರಿ ನೋಡುವ ಸೈಟ್ ಹೊಂದಿಸುವುದು ಮಾತ್ರ ತಾಳ್ಮೆಯ ಕೆಲಸ. ಗ್ರೂಪ್ (ಕಾಗದದ ಮೇಲೆ ಗುಂಡುಗಳು ಬಿದ್ದ ಗುಂಪು) ಬಲಕ್ಕೆ ಹೋಗುತ್ತಿದ್ದರೆ ಮುಂದಿನ ಸೈಟನ್ನು ಬಲಕ್ಕೇ ಸರಿಸಬೇಕು, ಎಡಕ್ಕಲ್ಲ. 25 ಗಜದಲ್ಲಿ ಗ್ರೂಪ್ 1 ಇಂಚು ಸರಿಯಲು ಆ ಸೈಟಿನ ಬ್ಲೇಡ್ ಅರ್ಧ ಮಿಲಿಮೀಟರ್‌ನಷ್ಟು ಸರಿದರೆ ಸಾಕು. ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಗ್ರೂಪ್ ಗುರಿ ಕಾಗದವನ್ನೇ ದಾಟಿಹೋಗುತ್ತದೆ.

ನಂಬರ್ ಟೂ ಕೆಡುವುದು ಎರಡು ಕಡೆ. ಮೊದಲನೆಯದು ಬೋಲ್ಟ್: ಕೋತ್‌ನಲ್ಲಿ (ಆಯುಧ ಇಡುವ ಕೋಣೆ) ವರ್ಷಗಟ್ಟಲೆ ಇದ್ದ ರೈಫಲ್‌ಗಳ ಬೋಲ್ಟ್ ಅದಲುಬದಲಾಗಿರುತ್ತವೆ. ಬೋಲ್ಟ್ ಹಿಡಿಯ ಮೇಲಿನ ನಂಬರ್ ಮತ್ತು ಬಾಡಿಯ ನಂಬರ್ ಒಂದೇ ಇರಬೇಕು. .22ರ ರಿಮ್ ದಪ್ಪ ಬರೀ 1.1 ಮಿಲಿಮೀಟರ್. ಬೋಲ್ಟ್ ತಲೆಗೂ ನಳಿಗೆಗೂ ನಡುವೆ ಸಂದು ಹೆಚ್ಚಾದರೆ ಪಿನ್ನಿನ ಪೆಟ್ಟೆಲ್ಲ ರಿಮ್ಮನ್ನು ಮುಂದೆ ತಳ್ಳುವುದರಲ್ಲೇ ಮುಗಿದು ಮಿಸ್‌ಫೈರ್ ಆಗುತ್ತದೆ, ಗುಂಡು ಸಿಡಿಯುವುದಿಲ್ಲ. ಎರಡನೆಯದು ಚೇಂಬರಿನ ಅಂಚು: ಖಾಲಿ ರೈಫಲಿನ ಟ್ರಿಗರ್ ಎಳೆದಾಗಲೆಲ್ಲ ಪಿನ್ ನೇರವಾಗಿ ಆ ಅಂಚಿಗೇ ಬಡಿಯುತ್ತದೆ. ಅಲ್ಲಿ ತಗ್ಗು ಬಿದ್ದು ಮುಳ್ಳೆದ್ದರೆ ಗುಂಡು ಪೂರ್ತಿ ಕೂರುವುದಿಲ್ಲ, ಖೋಕಾ ಸಲೀಸಾಗಿ ಬರುವುದಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಚೇಂಬರಿನ ಬಾಯಿಯ ಸುತ್ತ ಆಡಿಸಿ. ಎಳೆ ಸಿಕ್ಕಿಕೊಂಡರೆ ಮುಳ್ಳಿದೆ ಅಂತ ಅರ್ಥ. ಆ ರೈಫಲ್ ಬಿಟ್ಟುಬಿಡಿ.

ಎನ್‌ಸಿಸಿಯದೇ ಇನ್ನೊಂದು .22 ಡಿಲಕ್ಸ್. ಇದು ಫೌಜಿನಂತೆ ಕಾಣುವುದಿಲ್ಲ, ಶಿಕಾರಿ ಬಂದೂಕಿನಂತೆ ಕಾಣುತ್ತದೆ. ಇದೇ ಅದರ ಮೇಲಿನ ದೊಡ್ಡ ದೂರು. ಸುಮಾರು 2.8 ಕೆಜಿ, 43 ಇಂಚು, 5 ಗುಂಡಿನ ಮ್ಯಾಗಜಿನ್. ನಾಗರಿಕ ಲೈಸೆನ್ಸಿಗೆ ಸಿಗುವ, ಬಂಗಾಳದ ಇಷಾಪುರದ ಕಾರ್ಖಾನೆಯ .22 ಸ್ಪೋರ್ಟಿಂಗ್ ರೈಫಲ್ ಕೂಡ ಬೋಲ್ಟಿನ ಇದೇ ಜಾತಿ. ನಂಬರ್ ಟೂ ಕೊಡುವ ಶಿಸ್ತು ಬೇಕೆಂದರೆ ಮ್ಯಾಗಜಿನ್ ತೆಗೆದಿಟ್ಟು ಒಂದೊಂದೇ ಗುಂಡು ಹಾಕಿ ಹೊಡೆಯಿರಿ, ಯಾರು ಬೇಡ ಅಂದಾರು? ತೊಂದರೆ ಕೊಡುವುದು ಮ್ಯಾಗಜಿನ್ನಿನ ತುಟಿಗಳು. ಒಮ್ಮೆ ಕೆಳಗೆ ಬಿದ್ದು ಬಾಗಿದರೆ ಗುಂಡಿನ ಮೂತಿ ಚೇಂಬರಿನ ಕೆಳಗೆ ಗುದ್ದಿ, ಸೀಸ ಕೆರೆದುಹೋಗುತ್ತದೆ. ಕೆರೆದ ಗುಂಡು ಗ್ರೂಪಿನಿಂದ ಹೊರಗೇ ಬೀಳುತ್ತದೆ.

ಎಆರ್ ಮಾದರಿ ಕೈಗೆ ಬಂದ ಕೂಡಲೇ ಮನಸ್ಸು ಗೆಲ್ಲುತ್ತದೆ, ಅದನ್ನು ಒಪ್ಪಬೇಕು. 2009ರಲ್ಲಿ ಬಂದ ಸ್ಮಿತ್ ಆ್ಯಂಡ್ ವೆಸನ್ 15-22 ಪ್ಲಾಸ್ಟಿಕ್ ಬಾಡಿಯದು, ಸುಮಾರು ಎರಡೂವರೆ ಕೆಜಿ, 25 ಗುಂಡಿನ ಮ್ಯಾಗಜಿನ್. ಇಂಥವು ಗುಂಡಿನ ಹಿಮ್ಮೊತ್ತದಿಂದಲೇ ಬೋಲ್ಟ್ ಹಿಂದೆ ಸರಿಯುವ ಬ್ಲೋಬ್ಯಾಕ್ ಯಂತ್ರಗಳು. ಸೆಕೆಂಡಿಗೆ 330 ಮೀಟರಿನ ಸ್ಟ್ಯಾಂಡರ್ಡ್ ಗುಂಡು ಹಾಕಿದರೆ ಬೋಲ್ಟ್ ಕೆಲವೊಮ್ಮೆ ಪೂರ್ತಿ ಹಿಂದೆ ಬರುವುದಿಲ್ಲ, ಖೋಕಾ ಬಾಗಿಲಲ್ಲೇ ನಿಂತುಬಿಡುತ್ತದೆ. ವೇಗದ ಗುಂಡು ಹಾಕಿದರೆ ಸಲೀಸಾಗಿ ನಡೆಯುತ್ತದೆ, ಗ್ರೂಪ್ ಮಾತ್ರ ಅಗಲವಾಗುತ್ತದೆ. ಸುಡದ ಮದ್ದು, ಮೇಣ, ಸೀಸದ ಪುಡಿ ಎಲ್ಲವೂ ಯಂತ್ರದೊಳಗೇ ಬೀಳುವುದರಿಂದ 300 ಗುಂಡಿಗೊಮ್ಮೆ ಬಿಚ್ಚಿ ಒರೆಸಬೇಕು. ಫೌಜಿನ 5.56 ಮಿಲಿಮೀಟರ್ ಗುಂಡಿನ ರೈಫಲಿಗೆ ಹಾಕುವ .22 ಕಿಟ್ ಇನ್ನೂ ಕಡೆ. .22ಕ್ಕೆ ನಳಿಗೆಯೊಳಗಿನ ಗೆರೆಗಳಿಗೆ 16 ಇಂಚಿಗೊಂದು ಸುತ್ತಿನ ತಿರುವು ಬೇಕು, ಆ ನಳಿಗೆಗಳ ತಿರುವು 7 ಅಥವಾ 9 ಇಂಚಿನದು. ಡಬ್ಬಿ ಉರುಳಿಸಲು ಸಾಕು, ಗುರಿ ಕಾಗದಕ್ಕೆ ಬೇಡ. ಇಷ್ಟರ ಮೇಲೆ, 2016ರ ಆಯುಧ ನಿಯಮಗಳಲ್ಲಿ ಇಂಥ ಸೆಮಿ ಆಟೊಮ್ಯಾಟಿಕ್ (ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ) ರೈಫಲ್ ನಿರ್ಬಂಧಿತ ವರ್ಗಕ್ಕೆ ಸೇರಿದೆ. ಸಾಮಾನ್ಯ ಲೈಸೆನ್ಸಿನ ಮೇಲೆ ಅದರ ಆಸೆ ಇಟ್ಟುಕೊಳ್ಳಬೇಡಿ.

ಹಾಗಾಗಿ ಕೊಳ್ಳಲು ಡಿಲಕ್ಸ್ ಜಾತಿಯದ್ದು, ಕಲಿಯಲು ಸಿಕ್ಕರೆ ನಂಬರ್ ಟೂ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ, ಒಂದು ಜಾಗವನ್ನು ನೋಟಕ್ಕಾಗಿ ಕಳೆಯುವುದು ದುಬಾರಿ.

ರೈಫಲ್ ಯಾವುದೇ ಇರಲಿ, ನಮ್ಮ ಕಡೆಯ ಬಿಸಿಲಿಗೆ ಗುಂಡು ಕೆಡುತ್ತದೆ. ಮೇ ತಿಂಗಳಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟ ಡಬ್ಬಿಯ ಗುಂಡುಗಳ ಮೇಣ ಕರಗಿ ಅಂಟಂಟಾಗುತ್ತದೆ. ಅದಕ್ಕೆ ಯರಿ ಮಣ್ಣಿನ ಧೂಳು ಹತ್ತಿದರೆ ನಳಿಗೆಗೆ ಉಪ್ಪುಕಾಗದ ಹಾಕಿ ತಿಕ್ಕಿದಂತೆ. ನೆರಳಿನಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಇಡಿ. ಹೊಡೆದ ಮೇಲೆ ಬೋಲ್ಟ್ ತೆಗೆದು ಹಿಂದಿನಿಂದಲೇ ಚಿಂದಿ ಎಳೆಯಿರಿ, ಮುಂದಿನ ಬಾಯಿಗೆ ಕಡ್ಡಿ ಉಜ್ಜಬಾರದು.

ಮಿಸ್‌ಫೈರ್ ಆದರೆ ಬಾಯಿ ಗುರಿಯ ಕಡೆಗೇ ಇಟ್ಟು 30 ಸೆಕೆಂಡು ಕಾಯಿರಿ, ಆಮೇಲೆ ಬೋಲ್ಟ್ ತೆರೆದು ರಿಮ್ ನೋಡಿ. ಪೆಟ್ಟಿನ ಗುರುತು ಆಳವಾಗಿದ್ದರೆ ತಪ್ಪು ಗುಂಡಿನದು, ಆ ಜಾಗದಲ್ಲಿ ಮದ್ದು ಹರಡಿಲ್ಲ. ಗುರುತು ತೆಳುವಾಗಿದ್ದರೆ ತಪ್ಪು ರೈಫಲಿನದು: ಸ್ಪ್ರಿಂಗ್, ಪಿನ್ ಅಥವಾ ಆ ಸಂದು.

ಇನ್ನು ಬಟ್, ಅಂದರೆ ಗುಂಡು ತಡೆಯುವ ಮಣ್ಣಿನ ದಿಬ್ಬ. .22 ಗುಂಡು ಸಣ್ಣದೆಂದು ಸಸಾರ ಬೇಡ, ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಮೃದು ಸೀಸ ಪರಸಿ ಕಲ್ಲಿಗೋ ಯಾದಗಿರಿಯ ಬಂಡೆಗೋ ತಾಗಿದರೆ ಚಪ್ಪಟೆಯಾಗಿ ಎತ್ತಲೋ ಚಿಮ್ಮುತ್ತದೆ. ಪರವಾನಗಿ ಇರುವ ರೇಂಜಿನಲ್ಲೂ ಗುರಿಯ ಹಿಂದಿನ ದಿಬ್ಬದ ಮಣ್ಣು ಕಲ್ಲು ಇಲ್ಲದಂತೆ ಸೋಸಿದ್ದೇ ಅಂತ ನೋಡಿ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡಿ: ಯರಿ ಮಣ್ಣು ಉಬ್ಬಿ ಬಿರಿದಾಗ ಅಡಿಯ ಕಲ್ಲು ಮೇಲೆ ಬಂದಿರುತ್ತದೆ.