ಸಾದಾ ಎಚ್4 ಬಲ್ಬ್, ರಿಲೇ ವೈರಿಂಗ್, ಮನೆಯಲ್ಲೇ ಅಡ್ಜಸ್ಟ್ ಮಾಡಿದ ಹೆಡ್‌ಲೈಟ್: ಕೆಲವು ಮಳೆಗಾಲ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಎಚ್4 ಅಂದರೆ ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವ ಹೆಡ್‌ಲೈಟ್ ಬಲ್ಬ್. ಓಸ್ರಾಮ್ ಸಾದಾ ಎಚ್4 ಬಲ್ಬ್, ಕೋಡ್ 64193, 12 ವೋಲ್ಟ್ 60/55 ವ್ಯಾಟ್ (ಬ್ರೈಟ್ 60, ಡಿಮ್ 55), ಚೆನ್ನಾಗಿದೆ. ಮುಂದಿನ ಸಲವೂ ಅದನ್ನೇ ತಗೊಳ್ಳುತ್ತೇನೆ. ಫಿಲಿಪ್ಸ್ 12342 ಕೂಡ ಇದೇ ಮಟ್ಟದ್ದು, ಅಂಗಡಿಯಲ್ಲಿ ಯಾವುದು ಸಿಗುತ್ತದೋ ಅದನ್ನು ತನ್ನಿ. ಆದರೆ ಬಲ್ಬ್ ಒಂದನ್ನೇ ಬದಲಾಯಿಸಿ ರಾತ್ರಿ ರಸ್ತೆ ಚೆನ್ನಾಗಿ ಕಾಣಬೇಕು ಅಂದರೆ ಆಗಲ್ಲ. ನನ್ನ ಗಾಡಿಯಲ್ಲಿ ಜಾಸ್ತಿ ವ್ಯತ್ಯಾಸ ಮಾಡಿದ್ದು ಲೈಟ್ ಬೀಳುವ ಎತ್ತರ ಸರಿ ಮಾಡಿದ್ದು. ಅದಕ್ಕೆ ಖರ್ಚಾಗಿದ್ದು ಒಂದು ಸುರುಳಿ ಟೇಪು, ಒಂದು ಸಂಜೆ ಅಷ್ಟೇ.

ಗಾಡಿ ಹಳೇ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್. ಇರುವುದು ಹಾಸನದಲ್ಲಿ, ಊರು ಪುತ್ತೂರಿನ ಕಡೆ. ಹಾಗಾಗಿ ಶಿರಾಡಿ ಘಾಟಿ ನನಗೆ ತಪ್ಪಿದ್ದಲ್ಲ, ಅದೂ ಕೆಲಸ ಮುಗಿಸಿ ಹೊರಡುವುದರಿಂದ ಹೆಚ್ಚಾಗಿ ಕತ್ತಲಲ್ಲೇ. ಸಕಲೇಶಪುರ ದಾಟಿ ಮಾರನಹಳ್ಳಿ ಹತ್ತಿರ ಬಂದರೆ ಮಳೆ, ಮಂಜು, ಎದುರಿಗೆ ಸಾಲು ಸಾಲು ಟ್ಯಾಂಕರ್. ಇಂಥ ಕಡೆ ಹೆಡ್‌ಲೈಟ್ ಸರಿ ಇಲ್ಲದಿದ್ದರೆ ರಸ್ತೆಯ ಅಂಚು ಎಲ್ಲಿ, ಚರಂಡಿ ಎಲ್ಲಿ ಅಂತಲೇ ಗೊತ್ತಾಗುವುದಿಲ್ಲ.

ಹಿಂದಿನ ಮಾಲೀಕರು ಗಾಡಿಗೆ ಎಲ್‌ಇಡಿ ಬಲ್ಬ್ ಹಾಕಿಸಿದ್ದರು. ಮನೆ ಗೇಟಿನ ಮುಂದೆ ನಿಲ್ಲಿಸಿ ಹಾಕಿದರೆ ಹಗಲಾದ ಹಾಗೆ ಕಾಣುತ್ತಿತ್ತು. ಆದರೆ ಮಳೆ ಬಂದ ರಸ್ತೆಯಲ್ಲಿ ಗಾಡಿಯ ಮುಂದಿನ ಸ್ವಲ್ಪ ಜಾಗ ಬಿಟ್ಟರೆ ಆಚೆ ಏನೂ ಇಲ್ಲ, ಎದುರಿನವರೆಲ್ಲ ಲೈಟ್ ಮಿಣುಕಿಸಿ ಬೈದುಕೊಂಡು ಹೋಗುವವರೇ. ಡಿಮ್‌ನಲ್ಲೇ ಇದ್ದರೂ ಅಷ್ಟೇ. ಕಾರಣ ಸರಳ. ಹ್ಯಾಲೋಜೆನ್ (ಫಿಲಮೆಂಟ್ ಕಾದು ಉರಿಯುವ ಸಾದಾ ಬಲ್ಬಿನ) ಹೆಡ್‌ಲೈಟಿನ ಒಳಗಿನ ಕನ್ನಡಿಯನ್ನು, ಅಂದರೆ ರಿಫ್ಲೆಕ್ಟರನ್ನು, ಫಿಲಮೆಂಟ್ ಇಂಥದೇ ಜಾಗದಲ್ಲಿ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ಎಚ್4 ಬಲ್ಬಿನಲ್ಲಿ ಎರಡು ಫಿಲಮೆಂಟ್. ಡಿಮ್ ಫಿಲಮೆಂಟಿನ ಕೆಳಗೆ ಸಣ್ಣ ಲೋಹದ ಬಟ್ಟಲು ಇರುತ್ತದೆ, ಅದು ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋಗದ ಹಾಗೆ ತಡೆಯುತ್ತದೆ. ಆಗ ಬೆಳಕೆಲ್ಲ ರಸ್ತೆ ಕಡೆ ಇಳಿಯುತ್ತದೆ, ಎದುರಿನವರ ಕಣ್ಣಿಗೆ ಹೋಗುವುದಿಲ್ಲ. ಎಲ್‌ಇಡಿಯಲ್ಲಿ ಬೆಳಕು ಬರುವುದು ಚಪ್ಪಟೆ ಚಿಪ್‌ಗಳಿಂದ, ಅದೂ ಎರಡು ಪಕ್ಕಕ್ಕೆ. ಕನ್ನಡಿಗೆ ಬೀಳಬೇಕಾದ ಕಡೆ ಬೀಳದೆ ಎಲ್ಲೆಲ್ಲೋ ಚದುರುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದಿರುವ ಗಾಡಿಯ ವಿಷಯ ಬೇರೆ, ಅಲ್ಲಿ ಇಡೀ ಲ್ಯಾಂಪೇ ಅದಕ್ಕೆ ತಕ್ಕ ಹಾಗೆ ಇರುತ್ತದೆ. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟಿನ ಗಾಡಿಗಳ ಮೇಲೆ ಕೇಸ್ ಹಾಕಲು ಶುರು ಮಾಡಿದರು. ನನಗೆ ಇದು ತೀರಾ ಸರಿ ಅನ್ನಿಸಿತು. ಎದುರಿನಿಂದ ಬರುವವನಿಗೆ ಎರಡು ಸೆಕೆಂಡ್ ಕಣ್ಣು ಕಾಣದಿದ್ದರೆ ಅವನು ಬಂದು ಗುದ್ದುವುದು ನಮಗೇ ಅಲ್ವಾ?

ಎಲ್‌ಇಡಿ ಕಿತ್ತು ಸಾದಾ ಬಲ್ಬ್ ಹಾಕಿದೆ. ಮನೆಯಲ್ಲೇ ಆಗುವ ಕೆಲಸ. ಬಾನೆಟ್ ಎತ್ತಿ ಲ್ಯಾಂಪಿನ ಹಿಂದಿನ ಮೂರು ಪಿನ್ನಿನ ಕಪ್ಲರ್, ಅಂದರೆ ವೈರಿನ ಪ್ಲಗ್, ಎಳೆಯಬೇಕು. ಹಳೇ ಗಾಡಿಯಲ್ಲಿ ಬಿಗಿಯಾಗಿರುತ್ತದೆ, ವೈರ್ ಹಿಡಿದು ಎಳೆಯಬೇಡಿ, ಕಪ್ಲರನ್ನೇ ಹಿಡಿದು ಆಚೆ ಈಚೆ ಸ್ವಲ್ಪ ಅಲುಗಿಸಿ. ಆಮೇಲೆ ಲ್ಯಾಂಪಿನ ಹಿಂಭಾಗ ಮುಚ್ಚುವ ರಬ್ಬರ್ ಬೂಟ್, ಅದರ ಒಳಗೆ ತಂತಿಯ ಕ್ಲಿಪ್. ಕ್ಲಿಪ್ ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಕೈಗೆ ಬರುತ್ತದೆ. ಎಚ್4ಗೆ ಮೂರು ಕಿವಿ ಇರುತ್ತವೆ, ಒಂದೇ ರೀತಿಯಲ್ಲಿ ಕೂರುತ್ತದೆ. ಪೂರ್ತಿ ಕೂತಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿಯೇ ಕ್ಲಿಪ್ ಹಾಕಿ. ಒಂದು ಕಿವಿ ಸ್ವಲ್ಪ ಎದ್ದಿದ್ದರೂ ಬೆಳಕು ಎಲ್ಲೋ ಹೋಗಿರುತ್ತದೆ, ಆಮೇಲೆ ಎಷ್ಟು ಸ್ಕ್ರೂ ತಿರುಗಿಸಿದರೂ ಸರಿ ಹೋಗುವುದಿಲ್ಲ. ಗಾಜಿನ ಭಾಗ ಕೈಯಲ್ಲಿ ಮುಟ್ಟಬಾರದು. ಕೈಯ ಎಣ್ಣೆ ಅಂಟಿದ ಜಾಗ ಮಾತ್ರ ಜಾಸ್ತಿ ಕಾದು ಬಲ್ಬಿನ ಆಯಸ್ಸು ಕಡಿಮೆಯಾಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಹಾಕಿ. ಲೈಟ್ ಆಗಷ್ಟೇ ಉರಿದಿದ್ದರೆ ತಣ್ಣಗಾಗುವ ತನಕ ಕೈ ಹಾಕಲೇಬೇಡಿ.

ನಮ್ಮ ಮಲೆನಾಡಿನವರು ರಬ್ಬರ್ ಬೂಟ್ ವಿಷಯದಲ್ಲಿ ಹುಷಾರಾಗಿರಬೇಕು. ಅದು ಸುತ್ತಲೂ ಸರಿಯಾಗಿ ಕೂರದಿದ್ದರೆ ಜೂನ್ ಜುಲೈನಲ್ಲಿ ಲ್ಯಾಂಪಿನ ಒಳಗೆ ನೀರಾವಿ ಕಟ್ಟುತ್ತದೆ. ಹಾಗೇ ಬಿಟ್ಟರೆ ರಿಫ್ಲೆಕ್ಟರಿನ ಹೊಳೆಯುವ ಲೇಪ ಕಿತ್ತು ಬರುತ್ತದೆ, ಅದಕ್ಕೆ ಪೂರ್ತಿ ಲ್ಯಾಂಪ್ ಬದಲಾಯಿಸುವುದು ಬಿಟ್ಟರೆ ದಾರಿ ಇಲ್ಲ. ರಬ್ಬರ್ ಬಿರಿದಿದ್ದರೆ ಬಲ್ಬ್ ಜೊತೆಗೇ ಹೊಸ ಬೂಟ್ ಕೂಡ ತನ್ನಿ, ಬೆಲೆ ದೊಡ್ಡದೇನಲ್ಲ.

ಈಗ ಅಡ್ಜಸ್ಟ್‌ಮೆಂಟ್. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಮಾಡುವುದಿಲ್ಲ. ಗ್ಯಾರೇಜಿನಲ್ಲೂ ಹೆಚ್ಚಿನವರು ಗೋಡೆ ಕಡೆ ಒಮ್ಮೆ ನೋಡಿ ಕಣ್ಣಂದಾಜಿನಲ್ಲಿ ತಿರುಗಿಸಿ ಬಿಡುತ್ತಾರೆ.

ಸಮತಟ್ಟಾದ ಜಾಗ ಬೇಕು, ಎದುರಿಗೆ ಒಂದು ಗೋಡೆ ಬೇಕು. ಟೈರಿನಲ್ಲಿ ಗಾಳಿ ಸರಿಯಿರಲಿ, ಡಿಕ್ಕಿಯಲ್ಲಿ ಭಾರ ಬೇಡ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಮೇಲೆ ಕೆಳಗೆ ಮಾಡುವ ಗುಂಡಿ ಇದ್ದರೆ ಅದನ್ನು 0ಗೆ ಇಡಿ. ಗಾಡಿಯನ್ನು ಗೋಡೆಗೆ ಹತ್ತಿರ ತಂದು ಒಂದೊಂದು ಲ್ಯಾಂಪಿನ ನಡುಮಧ್ಯದ ನೇರಕ್ಕೂ ಗೋಡೆ ಮೇಲೆ ಟೇಪಿನಲ್ಲಿ ಕೂಡಿಸುವ (+) ಗುರುತು ಹಾಕಿ. ಆಮೇಲೆ ನೇರವಾಗಿ ಹಿಂದಕ್ಕೆ ಬನ್ನಿ, ಲ್ಯಾಂಪಿನಿಂದ ಗೋಡೆಗೆ 10 ಮೀಟರ್ ಆಗುವ ತನಕ. ಡಿಮ್ ಹಾಕಿದರೆ ಗೋಡೆ ಮೇಲೆ ಬೆಳಕಿನ ಮೇಲಂಚು ಗೀರಿನ ಹಾಗೆ ಕಾಣುತ್ತದೆ. ಆ ಅಂಚು ಗುರುತಿಗಿಂತ 10 ಸೆಂಟಿಮೀಟರ್ ಕೆಳಗೆ ಇರಬೇಕು. ಅಷ್ಟು ಜಾಗ ಇಲ್ಲ, 5 ಮೀಟರೇ ಇರುವುದು ಅಂದರೆ 5 ಸೆಂಟಿಮೀಟರ್. ಅಂದರೆ ನೂರಕ್ಕೆ ಒಂದರ ಇಳಿತ. ಕೆಲವು ಗಾಡಿಗಳಲ್ಲಿ ಇದನ್ನು ಲ್ಯಾಂಪಿನ ಮೇಲೋ ಬಾನೆಟ್ ಒಳಗಿನ ಸ್ಟಿಕರಿನಲ್ಲೋ ಬರೆದಿರುತ್ತಾರೆ, ಬೇರೆ ಲೆಕ್ಕ ಇದ್ದರೆ ಅದನ್ನೇ ಹಿಡಿಯಿರಿ.

ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಆ ಅಂಚು ಬಲಕ್ಕೆ ಚಪ್ಪಟೆಯಾಗಿ, ಎಡಕ್ಕೆ ಮೇಲೇರುತ್ತಾ ಹೋಗಬೇಕು. ರಸ್ತೆಯ ಎಡ ಅಂಚು, ನಡೆದು ಹೋಗುವವರು, ಮೈಲಿಗಲ್ಲು ದೂರದಿಂದಲೇ ಕಾಣಲಿ, ಬಲಗಡೆ ಎದುರಿನವರ ಕಣ್ಣಿಗೆ ಹೋಗದಿರಲಿ ಅಂತ ಈ ವ್ಯವಸ್ಥೆ. ಆ ಏರು ಶುರುವಾಗುವ ಮೂಲೆ ಲ್ಯಾಂಪಿನ ಮಧ್ಯದ ನೇರಕ್ಕೇ ಬರಬೇಕು. ಬಲಗಡೆ ಓಡಿಸುವ ದೇಶಕ್ಕೆ ಮಾಡಿದ ಲ್ಯಾಂಪ್ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದು ಹಾಕಿದರೆ ಈ ಏರು ಉಲ್ಟಾ ಇರುತ್ತದೆ, ಸ್ಕ್ರೂ ತಿರುಗಿಸಿ ಸರಿ ಮಾಡಲು ಬರುವುದಿಲ್ಲ.

ಲ್ಯಾಂಪಿನ ಹಿಂದೆ ಎರಡು ಅಡ್ಜಸ್ಟ್ ಸ್ಕ್ರೂ ಇರುತ್ತವೆ, ಒಂದು ಮೇಲೆ ಕೆಳಗೆ, ಇನ್ನೊಂದು ಎಡ ಬಲ. ಉದ್ದದ ಪ್ಲಸ್ ಸ್ಕ್ರೂಡ್ರೈವರ್ ಸಾಕು. ಯಾವ ಕಡೆ ತಿರುಗಿಸಿದರೆ ಏನಾಗುತ್ತದೆ ಅಂತ ಗೋಡೆ ನೋಡಿಕೊಂಡೇ ನಿಧಾನಕ್ಕೆ ಮಾಡಿ. ಒಂದು ಲೈಟ್ ಸರಿ ಮಾಡುವಾಗ ಇನ್ನೊಂದರ ಕಪ್ಲರ್ ತೆಗೆದಿಡಿ. ಬಟ್ಟೆ ಮುಚ್ಚಿ ಬಿಡಬೇಡಿ, ಹ್ಯಾಲೋಜೆನ್ ಶಾಖಕ್ಕೆ ಪ್ಲಾಸ್ಟಿಕ್ ಗಾಜು ಹಾಳಾಗುತ್ತದೆ. ಬ್ರೈಟನ್ನು ಬೇರೆಯಾಗಿ ಹೊಂದಿಸಬೇಕಾಗಿಲ್ಲ, ಎಚ್4ನಲ್ಲಿ ಎರಡಕ್ಕೂ ಒಂದೇ ರಿಫ್ಲೆಕ್ಟರ್, ಡಿಮ್ ಸರಿಯಾದರೆ ಅದೂ ಸರಿಯಾಗುತ್ತದೆ.

ಇಷ್ಟು ಸಣ್ಣ ಅಳತೆಗೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಲ್ಯಾಂಪ್ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ನೂರಕ್ಕೆ ಒಂದರ ಇಳಿತ ಇದ್ದರೆ ಬೆಳಕಿನ ಅಂಚು ನೆಲ ಮುಟ್ಟುವುದು 65 ಮೀಟರ್ ಆಚೆ. ನೂರಕ್ಕೆ ಎರಡಾದರೆ 32 ಮೀಟರಿಗೇ ಮುಗಿಯಿತು. ಗಂಟೆಗೆ 80 ಕಿಲೋಮೀಟರಿನಲ್ಲಿ ಹೋಗುವಾಗ ಆ 32 ಮೀಟರ್ ದಾಟಲು ಒಂದೂವರೆ ಸೆಕೆಂಡ್ ಸಾಕು. ಹಸು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅದರ ಹತ್ತಿರ ಇರುತ್ತೀರಿ. ನನ್ನ ಗಾಡಿಯಲ್ಲಿ ಎಡಗಡೆ ಲೈಟ್ ತುಂಬಾ ಕೆಳಗಿತ್ತು, ಬಲಗಡೆಯದು ಮೇಲಿತ್ತು. ಅಂದರೆ ನನಗೆ ಬೇಕಾದ ಕಡೆ ಕತ್ತಲು, ಎದುರಿನವರಿಗೆ ಬೇಡವಾದ ಬೆಳಕು. ಎರಡೂ ಸರಿಯಾದ ಮೇಲೆ ಅದೇ 55 ವ್ಯಾಟಿನಲ್ಲಿ ಘಾಟಿಯ ಎಡ ತಿರುವುಗಳು ಮೊದಲೇ ಕಾಣತೊಡಗಿದವು, ಎದುರಿನವರು ಲೈಟ್ ಮಿಣುಕಿಸುವುದೂ ನಿಂತಿತು.

ರಿಲೇ ವೈರಿಂಗ್ ಕಿಟ್ ಆಮೇಲೆ ಹಾಕಿದ್ದು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ಮಲ್ಟಿಮೀಟರ್ ಇಟ್ಟು ನೋಡಿದಾಗ ಇಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಹತ್ತಿರ ಇದ್ದರೂ ಬಲ್ಬಿನ ಹೋಲ್ಡರಿಗೆ ಬರುವಷ್ಟರಲ್ಲಿ ಹೆಚ್ಚುಕಮ್ಮಿ 12.6 ಆಗಿತ್ತು. ಹಳೇ ವೈರು, ಹಳೇ ಸ್ವಿಚ್ಚು, ಸವೆದ ಪಿನ್ನು, ಎಲ್ಲ ಸೇರಿ ತಿಂದುಹಾಕಿದ್ದವು. ಹ್ಯಾಲೋಜೆನ್ ಬಲ್ಬಿಗೆ ವೋಲ್ಟ್ ನೂರಕ್ಕೆ ಹತ್ತು ಇಳಿದರೆ ಬೆಳಕು ಹೆಚ್ಚುಕಮ್ಮಿ ನೂರಕ್ಕೆ ಮೂವತ್ತು ಇಳಿಯುತ್ತದೆ. ರಿಲೇ ಹಾಕಿದರೆ ಕರೆಂಟು ಸೀದಾ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ಬರುತ್ತದೆ, ಹಳೇ ಸ್ವಿಚ್ಚಿಗೆ ರಿಲೇ ಆನ್ ಮಾಡುವ ಕೆಲಸ ಮಾತ್ರ. ಹೊಸ ಬಲ್ಬಿನ ಬೆಳಕು ಹಳದಿಯಿಂದ ಬಿಳಿ ಕಡೆಗೆ ತಿರುಗಿದ್ದು ಇದಾದ ಮೇಲೆಯೇ. ಕಿಟ್ ಕೊಳ್ಳುವಾಗ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇದೆಯಾ ನೋಡಿ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಸ್ವಿಚ್ ನೆಗೆಟಿವ್ ಕಡೆ ಇರುತ್ತದೆ, ಹಾಗಾಗಿ ನಿಮ್ಮ ಮಾಡೆಲಿಗೇ ಹೊಂದುವ ಕಿಟ್ ಕೇಳಿ. ವಾರಂಟಿ ಇರುವ ಗಾಡಿಯಾದರೆ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಮಾಡಿ.

100/90 ವ್ಯಾಟಿನ ಬಲ್ಬ್ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ಬೇಡ. ರಸ್ತೆಗೆ ಇರುವ ಎಚ್4 ಅಂದರೆ 60/55. ಹೆಚ್ಚು ವ್ಯಾಟಿನದು ಹೋಲ್ಡರ್ ಕರಗಿಸುತ್ತದೆ, ರಿಫ್ಲೆಕ್ಟರ್ ಸುಡುತ್ತದೆ, ಎದುರಿನವರಿಗೂ ಕಷ್ಟ. ನೀಲಿ ಬಣ್ಣ ಬಳಿದ ಬಲ್ಬೂ ಬೇಡ, ಆ ಬಣ್ಣ ಬೆಳಕನ್ನು ತಡೆಯುತ್ತದೆಯೇ ಹೊರತು ಕೊಡುವುದಿಲ್ಲ. ಡಬ್ಬಿ ಮೇಲೆ 100%, 130% ಜಾಸ್ತಿ ಅಂತ ಬರೆದ ದುಬಾರಿ ಹ್ಯಾಲೋಜೆನ್‌ಗಳು ಮೋಸವೇನಲ್ಲ, ರಸ್ತೆಯ ಕೆಲವು ಜಾಗದಲ್ಲಿ ಬೆಳಕು ನಿಜಕ್ಕೂ ಜಾಸ್ತಿ ಬೀಳುತ್ತದೆ. ಆದರೆ ಒಟ್ಟು ಬೆಳಕು ಅಷ್ಟು ಪಟ್ಟು ಜಾಸ್ತಿ ಅಂತ ಅರ್ಥವಲ್ಲ. ಫಿಲಮೆಂಟ್ ಜಾಸ್ತಿ ಕಾಯುವುದರಿಂದ ಆಯಸ್ಸೂ ಕಡಿಮೆ. ನನ್ನಂತೆ ಜಾಸ್ತಿ ರಾತ್ರಿ ಓಡಿಸುವವರಿಗೆ ಸಾದಾ ಬಲ್ಬೇ ಲಾಭ.

ಲ್ಯಾಂಪಿನ ಮುಂಭಾಗ ಹಳದಿಗಟ್ಟಿದ್ದರೆ ಮೇಲಿನದ್ದೆಲ್ಲ ಅರ್ಧ ವ್ಯರ್ಥ. ಅದು ಪಾಲಿಕಾರ್ಬೊನೇಟ್, ಬಿಸಿಲಿಗೆ ಮೇಲಿನ ಲೇಪ ಹೋಗಿ ಮಂಜಾಗುತ್ತದೆ. ನಾನು ಮೊದಲು ಒಂದು ಅಂಗಡಿಯಲ್ಲಿ ಪಾಲಿಶ್ ಮಾಡಿಸಿದ್ದೆ, ಬಂದಾಗ ಹೊಸದರ ಹಾಗಿತ್ತು, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಮತ್ತೆ ಹಳದಿ. ಅವರು ಮೇಲೆ ಯುವಿ ಲೇಪ ಹಾಕಿರಲಿಲ್ಲ. ಆಮೇಲೆ ಮನೆಯಲ್ಲೇ ನೀರು ಹಾಕಿಕೊಂಡು 1000, 1500, 2000 ನಂಬರಿನ ಉಪ್ಪು ಕಾಗದ ಒಂದಾದ ಮೇಲೆ ಒಂದು ಉಜ್ಜಿ, ಪಾಲಿಶ್ ಮಾಡುವ ಕಾಂಪೌಂಡ್ ಹಚ್ಚಿ, ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆದೆ. ಇದು ನಿಂತಿದೆ. ಟೂತ್‌ಪೇಸ್ಟ್ ಉಪಾಯ ಕೆಲವು ದಿನಕ್ಕೆ ಮಾತ್ರ.

ಕೊರತೆ ಇಲ್ಲ ಅಂತೇನಲ್ಲ. ಹೊಸ ಗಾಡಿಗಳ ಕಂಪನಿ ಎಲ್‌ಇಡಿ ಲ್ಯಾಂಪಿನಷ್ಟು ಅಗಲಕ್ಕೆ ಇದರ ಬೆಳಕು ಹರಡುವುದಿಲ್ಲ. ಬ್ಯಾಟರಿ ಇರುವ ಕಡೆ ಕೈ ಹಾಕಲು ಜಾಗ ಕಡಿಮೆ, ಆ ತಂತಿ ಕ್ಲಿಪ್ ಕಣ್ಣಿಗೆ ಕಾಣದೆ ಬೆರಳಲ್ಲೇ ಹುಡುಕಬೇಕು. ದಟ್ಟ ಮಂಜಿನಲ್ಲಿ ಯಾವ ಬಲ್ಬೂ ಪವಾಡ ಮಾಡುವುದಿಲ್ಲ, ಡಿಮ್ ಹಾಕಿ ನಿಧಾನಕ್ಕೆ ಹೋಗಬೇಕು ಅಷ್ಟೇ.

ಒಂದು ಬಲ್ಬ್ ಹೋದರೆ ಜೋಡಿಯಾಗಿಯೇ ಬದಲಾಯಿಸಿ, ಇನ್ನೊಂದೂ ಅಷ್ಟೇ ಹಳೆಯದು, ಹೆಚ್ಚು ದಿನ ಬಾಳುವುದಿಲ್ಲ. ಉರಿಯುತ್ತಿದ್ದ ಆ ಇನ್ನೊಂದನ್ನು ನಾನು ಡಬ್ಬಿಯಲ್ಲಿ ಸುತ್ತಿ ಸ್ಟೆಪ್ನಿ ಪಕ್ಕ ಇಟ್ಟಿರುತ್ತೇನೆ, ಗುಂಡ್ಯದ ಹತ್ತಿರ ರಾತ್ರಿ ಬಲ್ಬ್ ಹೋದರೆ ಯಾವ ಅಂಗಡಿ ತೆರೆದಿರುತ್ತದೆ? ಬಲ್ಬ್ ಬದಲಾಯಿಸಿದಾಗ, ಶಾಕ್ ಅಬ್ಸಾರ್ಬರ್ ಕೆಲಸ ಆದಾಗ, ಮುಂದಿನ ಬಂಪರಿಗೆ ಪೆಟ್ಟು ಬಿದ್ದಾಗ ಮತ್ತೆ ಗೋಡೆ ಮುಂದೆ ನಿಲ್ಲಿಸಿ ನೋಡಿ. ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿ ತುಂಬ ತೆಂಗಿನಕಾಯಿ ಇದ್ದರೆ ಗಾಡಿಯ ಮೂತಿ ಮೇಲೇಳುತ್ತದೆ. ಆ ದಿನ ಹೊರಡುವ ಮುಂಚೆ ಡ್ಯಾಶ್‌ಬೋರ್ಡಿನ ಗುಂಡಿ ತಿರುಗಿಸಿ ಲೈಟ್ ಇಳಿಸಿ, ಭಾರ ಇಳಿಸಿದ ಮೇಲೆ ಮತ್ತೆ 0ಗೆ ತನ್ನಿ.